ಯುಗಾದಿಗೆ ಮಕ್ಕಳ ಕೈಯಲ್ಲೇ ಹೂವಿನ ಕಿರೀಟ ಮಾಡಿಸ್ಬೇಕು, ಗೊತ್ತಿರೋರು ಹೇಳಿ

ಕುವೆಂಪುನಗರದ_ಅಮ್ಮ
ಎಲ್ಲರಿಗೂ ನಮಸ್ಕಾರ. ಈ ಸಲ ಯುಗಾದಿ 19ನೇ ತಾರೀಕು ಗುರುವಾರ ಬಂದಿದೆ, ಹಿಂದಿನ ದಿನ ಸಂಜೆ ನಮ್ಮ ರಸ್ತೆ ಮಕ್ಕಳನ್ನೆಲ್ಲ ಪಾರ್ಕಲ್ಲಿ ಸೇರಿಸಿ ಹೂವಿನ ಕಿರೀಟ ಮಾಡಿಸೋಣ ಅಂತ ನಾವು ನಾಲ್ಕೈದು ಜನ ತಾಯಂದಿರು ಮಾತಾಡ್ಕೊಂಡಿದೀವಿ. ಒಟ್ಟು 22 ಮಕ್ಕಳು, ಚಿಕ್ಕವನಿಗೆ 3 ವರ್ಷ, ದೊಡ್ಡವಳಿಗೆ 11.

ಹೋದ ವರ್ಷಾನೂ ಮಾಡಿದ್ವಿ. ಆದ್ರೆ ಅದನ್ನ ಮಕ್ಕಳು ಮಾಡಿದ್ರು ಅಂತ ಹೇಳೋಕಾಗಲ್ಲ. ರಾತ್ರಿ ಹನ್ನೊಂದರವರೆಗೂ ನಾವೇ ಕೂತು ಪ್ಲಾಸ್ಟಿಕ್ ಹೂವು, ಸ್ಯಾಟಿನ್ ರಿಬ್ಬನ್, ಗ್ಲೂ ಗನ್ ಇಟ್ಕೊಂಡು ಅಂಟಿಸಿ ಅಂಟಿಸಿ ಮುಗಿಸಿದ್ವಿ, ಬೆಳಿಗ್ಗೆ ಮಕ್ಕಳ ತಲೆ ಮೇಲೆ ಇಟ್ಟು ಫೋಟೋ ತೆಗೆದ್ವಿ ಅಷ್ಟೇ. ನಮ್ಮತ್ತೆ ನನ್ನ ಮಗಳಿಗೆ ಎಷ್ಟು ಚೆನ್ನಾಗಿ ಮಾಡಿದೀಯ ಪುಟ್ಟಿ ಅಂದಾಗ ಅವಳು ನನ್ನ ಮುಖ ನೋಡಿ, ಇದು ನಾನು ಮಾಡಿದ್ದಲ್ಲ ಅಜ್ಜಿ, ಅಮ್ಮ ಮಾಡಿದ್ದು, ನಾನು ಮುಟ್ಟಿದ್ರೆ ಬೈದ್ಳು ಅಂದ್ಬಿಟ್ಳು. ಆ ಮಾತು ಇವತ್ತಿಗೂ ಮನಸ್ಸಲ್ಲಿದೆ.

ಅದಕ್ಕೆ ಈ ಸಲ ನಿಜವಾದ ಹೂವು ಬೇಕು, ಮಕ್ಕಳೇ ಮಾಡ್ಬೇಕು. ಯೂಟ್ಯೂಬಲ್ಲಿ ನೋಡಿದ್ರೆ ಎಲ್ಲ ಹೊರದೇಶದ್ದೇ, ಡೈಸಿ ಹೂವಿನ ತೊಟ್ಟು ಸೀಳಿ ಒಂದರೊಳಗೊಂದು ಸೇರಿಸ್ತಾರೆ, ಇಲ್ಲ ಅಂದ್ರೆ ಹಸಿರು ಟೇಪ್ ಸುತ್ತಿದ ತಂತಿ. ಆ ಹೂವು ನಮ್ಮಲ್ಲಿ ಎಲ್ಲಿ ಸಿಗುತ್ತೆ? ನಮ್ಮ ಮಾರ್ಕೆಟ್ಟಲ್ಲಿ ಸಿಗೋ ಹೂವಲ್ಲಿ ಹೇಗೆ ಮಾಡಿಸೋದು, ಯಾವ ಹೂವು, ಎಷ್ಟು ತರೋದು ಹೇಳಿ ಪ್ಲೀಸ್.

ಹೂಕಟ್ಟೋಳು
ಮೇಡಂ ನಮ್ಮ ಮನೆಯೋರು ದೇವರಾಜ ಮಾರ್ಕೆಟ್ಟಲ್ಲಿ ಹೂವಿನ ಅಂಗಡಿ ಇಟ್ಟಿದ್ರು, ನಾನು ಎಂಟು ವರ್ಷಕ್ಕೇ ಕಟ್ಟೋಕೆ ಕೂತವಳು, ಅದಕ್ಕೆ ಹೇಳ್ತಿದೀನಿ. ಮೊದಲು ಮಲ್ಲಿಗೆ ಆಸೆ ಬಿಟ್ಬಿಡಿ. ಮಲ್ಲಿಗೆ ಮೊಗ್ಗು ಸಣ್ಣದು, ತೊಟ್ಟು ಇನ್ನೂ ಸಣ್ಣದು, ಮಕ್ಕಳ ಕೈ ಬಿಸಿಗೆ ಅರ್ಧ ಗಂಟೇಲಿ ಕಂದು ತಿರುಗುತ್ತೆ, ಅದರ ಮೇಲೆ ಹಬ್ಬದ ರೇಟು ಬೇರೆ. ಮಕ್ಕಳಿಗೆ ಚೆಂಡು ಹೂವು, ಸೇವಂತಿಗೆ ಇವೆರಡೇ ಸರಿ. ತೊಟ್ಟು ದಪ್ಪ ಇರುತ್ತೆ, ಎಳೆದ್ರೂ ಹಿಸುಕಿದ್ರೂ ತಡ್ಕೊಳ್ಳುತ್ತೆ. ಮಧ್ಯೆ ಮಧ್ಯೆ ಕೆಂಪಿಗೆ ಕನಕಾಂಬರ, ಹಸಿರಿಗೆ ಮರುಗ ಇಲ್ಲ ದವನ. ಮರುಗ ತಗೊಂಡ್ರೆ ಮಕ್ಕಳು ಅದನ್ನ ಕೈಯಲ್ಲಿ ಉಜ್ಜಿ ಉಜ್ಜಿ ಮೂಸಿ ನೋಡ್ತಾ ಕೂತಿರ್ತಾರೆ, ಅದೇ ಅರ್ಧ ಆಟ.

ಕಟ್ಟಿದ ಹೂವು ಮಾರ್ ಲೆಕ್ಕದಲ್ಲಿ ತಗೋಬೇಡಿ, ಬಿಡಿ ಹೂವು ಕೇಳಿ, ತೂಕಕ್ಕೆ ಕೊಡ್ತಾರೆ. ಒಂದು ಕಿರೀಟಕ್ಕೆ ಮಧ್ಯಮ ಸೈಜಿನ ಚೆಂಡು ಹೂವು 12ರಿಂದ 15 ಹಿಡಿಯುತ್ತೆ, ಮುಂದಿನ ಅರ್ಧಕ್ಕೆ ಮಾತ್ರ ಇಟ್ರೆ ಏಳೆಂಟು ಸಾಕು. 22 ಮಕ್ಕಳಿಗೆ ಚೆಂಡು ಹೂವು ಎರಡು ಕೆಜಿ, ಸೇವಂತಿಗೆ ಒಂದು ಕೆಜಿ ತಂದ್ರೆ ಮಿಕ್ಕುತ್ತೆ. ಹಬ್ಬದ ಹಿಂದಿನ ದಿನ ಹೋಗ್ಬೇಡಿ, ಕಾಲಿಡೋಕೆ ಜಾಗ ಇರಲ್ಲ, ಬೆಲೆ ಅವರು ಹೇಳಿದ್ದೇ. ಎರಡು ದಿನ ಮೊದಲು ಬೆಳಿಗ್ಗೆ ಬೆಳಿಗ್ಗೆ ಹೋಗಿ ತನ್ನಿ. ತಂದಮೇಲೆ ಪ್ಲಾಸ್ಟಿಕ್ ಕವರಲ್ಲೇ ಬಿಡ್ಬೇಡಿ, ಬೆವತು ಕೊಳೆಯುತ್ತೆ, ನೆರಳಲ್ಲಿ ಒದ್ದೆ ಗೋಣಿಚೀಲ ಇಲ್ಲ ಬಾಳೆ ಎಲೆ ಮೇಲೆ ಹರಡಿ.

ದಾರಕ್ಕೆ ಬಾಳೆ ನಾರು ಕೇಳಿ ತಗೊಳ್ಳಿ. ಒಣಗಿರುತ್ತೆ, ಹತ್ತು ನಿಮಿಷ ನೀರಲ್ಲಿ ನೆನೆಸಿ ಬೇಕಾದಷ್ಟು ಸಣ್ಣಗೆ ಸೀಳ್ಕೊಬಹುದು. ಹತ್ತಿ ದಾರ ಮಕ್ಕಳ ಕೈಯಲ್ಲಿ ಹೂವಿನ ತೊಟ್ಟು ಕತ್ತರಿಸಿಬಿಡುತ್ತೆ, ನಾರು ಅಗಲ ಇರೋದ್ರಿಂದ ಕತ್ತರಿಸಲ್ಲ, ಒದ್ದೆ ಇರೋದ್ರಿಂದ ಗಂಟೂ ಜಾರಲ್ಲ.

ಕುವೆಂಪುನಗರದ_ಅಮ್ಮ
ಅಕ್ಕ ತುಂಬಾ ತುಂಬಾ ಥ್ಯಾಂಕ್ಸ್. ನಾರು ಬಗ್ಗೆ ಯೋಚನೇನೇ ಬಂದಿರ್ಲಿಲ್ಲ, ನಮ್ಮಮ್ಮ ಅದರಲ್ಲೇ ಕಟ್ತಿದ್ರು. ಕಟ್ಟೋ ರೀತಿ ಸ್ವಲ್ಪ ಬಿಡಿಸಿ ಹೇಳ್ತೀರಾ, ನನಗೇ ಮರೆತು ಹೋಗಿದೆ.

ಹೂಕಟ್ಟೋಳು
ಎರಡು ಹೂವು ತಲೆ ಬಲಕ್ಕೆ, ಎರಡು ಹೂವು ತಲೆ ಎಡಕ್ಕೆ, ನಾಲ್ಕರ ತೊಟ್ಟೂ ಮಧ್ಯದಲ್ಲಿ ಒಂದರ ಮೇಲೊಂದು ಬರೋ ಹಾಗೆ ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ಹಿಡ್ಕೊಳ್ಳಿ. ನಾರು ತೊಟ್ಟಿನ ಮೇಲೆ ಒಂದು ಸುತ್ತು ಬಿಗಿಯಾಗಿ ತನ್ನಿ. ಆಮೇಲೆ ಬಲಗೈ ಬೆರಳಿಗೆ ನಾರನ್ನ ಒಂದು ಸಲ ತಿರುಗಿಸಿದ್ರೆ ಕುಣಿಕೆ ಆಗುತ್ತೆ, ಆ ಕುಣಿಕೇನ ಒಂದು ಕಡೆ ಹೂವಿನ ತಲೆ ಮೇಲಿಂದ ತಂದು ತೊಟ್ಟಿಗೆ ಹಾಕಿ ಎಳೀರಿ. ಟಪ್ ಅಂತ ಕೂರುತ್ತೆ. ಮುಂದಿನ ನಾಲ್ಕು ಹೂವು ಅದಕ್ಕೆ ಒತ್ತಿಕೊಂಡೇ ಬರ್ಬೇಕು, ಸಂದು ಬಿಡಬಾರದು. ಇದು ಎಂಟು ವರ್ಷ ಮೇಲ್ಪಟ್ಟ ಮಕ್ಕಳಿಗೆ ಬರುತ್ತೆ, ಮೊದಲ ಐದಾರು ಗಂಟು ಬಿಚ್ಚಿಕೊಳ್ಳುತ್ತೆ, ಏಳನೇದು ನಿಲ್ಲುತ್ತೆ. ನಡುವೆ ನೀವು ಕೈ ಹಾಕ್ಬೇಡಿ ಅಷ್ಟೇ ನನ್ನ ಕೋರಿಕೆ. ನಮ್ಮಮ್ಮ ನಾನು ಕಟ್ಟಿದ್ದು ಸಡಿಲ ಇದ್ರೂ ಬಿಚ್ಚಿ ಸರಿ ಮಾಡ್ತಿರ್ಲಿಲ್ಲ, ಅದೇ ಸರವನ್ನ ಮನೆ ದೇವರಿಗೆ ಹಾಕೋರು.

ಬಾಲವಾಡಿ_ಟೀಚರ್
ಚಿಕ್ಕ ಮಕ್ಕಳ ಬಗ್ಗೆ ನಾನು ಹೇಳ್ತೀನಿ, ಹದಿನೈದು ವರ್ಷದಿಂದ ಇದೇ ಕೆಲಸ. ಮೂರು ನಾಲ್ಕು ವರ್ಷದವರಿಗೆ ಗಂಟು ಸೂಜಿ ಯಾವುದೂ ಬೇಡ. ರಟ್ಟಿನ ಪಟ್ಟಿ ಒಂದೂವರೆ ಇಂಚು ಅಗಲಕ್ಕೆ ಕತ್ತರಿಸಿ, ಮೇಲೆ ಡಬಲ್ ಸೈಡ್ ಟೇಪ್ ಅಂಟಿಸಿ, ಮೇಲಿನ ಕಾಗದ ಮಾತ್ರ ಅವರ ಕೈಯಲ್ಲೇ ಕೀಳಿಸಿ. ಆಮೇಲೆ ಬುಟ್ಟೀಲಿ ಎಸಳು, ಎಲೆ, ಸಣ್ಣ ಹೂವು ಇಟ್ಬಿಡಿ. ಒಂದು ಮಗು ಬರೀ ಎಲೇನೇ ಅಂಟಿಸುತ್ತೆ, ಇನ್ನೊಂದು ಒಂದೇ ಒಂದು ಹೂವು ಅಂಟಿಸಿ ಆಯ್ತು ಮಿಸ್ ಅಂತ ಎದ್ದು ಹೋಗುತ್ತೆ. ಹೋಗ್ಲಿ ಬಿಡಿ. ಆ ಒಂದು ಹೂವು ಎಲ್ಲಿಡ್ಬೇಕು ಅಂತ ಅದು ಎಷ್ಟೊತ್ತು ಯೋಚನೆ ಮಾಡಿದೆ ಅನ್ನೋದನ್ನ ನೀವು ನೋಡಿರಲ್ಲ, ನಾನು ನೋಡಿದೀನಿ.

ಐದರಿಂದ ಏಳು ವರ್ಷದವರಿಗೆ ಪೋಣಿಸೋದು. ಮೊಂಡು ತುದಿಯ ದಪ್ಪ ಸೂಜಿ ಸಿಗುತ್ತೆ, ಉಲ್ಲನ್ ಹೊಲಿಯೋದು, ಅದಕ್ಕೆ ದಪ್ಪ ದಾರ. ಚೆಂಡು ಹೂವನ್ನ ತಳದ ಹಸಿರು ಭಾಗದಲ್ಲಿ ಚುಚ್ಚಿದ್ರೆ ಗಟ್ಟಿ, ಎಸಳಲ್ಲಿ ಚುಚ್ಚಿದ್ರೆ ಉದುರಿ ಹೋಗುತ್ತೆ. ಮೊಂಡು ಸೂಜಿ ತೂರದೇ ಇದ್ರೆ ದೊಡ್ಡವರೊಬ್ಬರು ದಬ್ಬಣದಲ್ಲಿ ಮೊದಲೇ ತೂತು ಮಾಡಿಟ್ಟಿರಿ, ದಬ್ಬಣ ಮಕ್ಕಳ ಕೈಗೆ ಕೊಡ್ಬೇಡಿ.

ಅಳತೆ ಟೇಪ್ ತರೋ ಅಗತ್ಯ ಇಲ್ಲ. ನ್ಯೂಸ್‌ಪೇಪರ್ ಉದ್ದಕ್ಕೆ ಮಡಚಿ ತಲೆ ಸುತ್ತ ಹಿಡಿದು ಪೆನ್ನಲ್ಲಿ ಗುರುತು ಹಾಕಿ. ಐದು ವರ್ಷದ ಮಗು ತಲೆ ಸುಮಾರು 20 ಇಂಚು ಬರುತ್ತೆ, ಅದಕ್ಕೆ ಎರಡು ಇಂಚು ಜಾಸ್ತಿ ಬಿಡಿ. ಹಿಂದುಗಡೆ ಕಟ್ಟೋಕೆ ದಾರ ಬಿಡಿ, ಪಿನ್ನು ಸ್ಟೇಪ್ಲರ್ ಬೇಡ.

ಇಬ್ಬರು_ಗಂಡುಮಕ್ಕಳ_ಅಪ್ಪ
ನಾನೂ ಅದೇ ಏರಿಯಾದವನೇ. ಒಂದು ಪ್ರಶ್ನೆ, ಯಾರೂ ತಪ್ಪು ತಿಳ್ಕೋಬೇಡಿ. ನನ್ನ ದೊಡ್ಡ ಮಗನಿಗೆ 9 ವರ್ಷ, ಹೂವು ಅಂದ ತಕ್ಷಣ ಅದು ಹುಡುಗೀರದ್ದು, ನಾನು ಬರಲ್ಲ ಅಂತ ಕೂತಿದಾನೆ. ಕ್ಲಾಸಲ್ಲಿ ಯಾರೋ ಆಡ್ಕೊಂಡಿದಾರಂತೆ. ಬಲವಂತ ಮಾಡೋಕೆ ಇಷ್ಟ ಇಲ್ಲ, ಆದ್ರೆ ಅವನು ಒಬ್ಬನೇ ಮನೇಲಿ ಕೂರೋದೂ ಸರಿ ಅನ್ಸಲ್ಲ. ಏನ್ ಹೇಳಲಿ ಅವನಿಗೆ?

ಮಂಡ್ಯ_ಕಡೆಯವ
ಅಣ್ಣ ಅವನ್ನ ಒಂದ್ಸಲ ನಮ್ಮೂರ್ಗೆ ಕರ್ಕಂಡ್ ಬನ್ನಿ. ಯುಗಾದಿ ದಿನ ನಮ್ ಕಡೆ ಹೊನ್ನಾರು ಕಟ್ತೀವಿ, ವರ್ಷದ ಮೊದಲ್ನೇ ಉಳುಮೆ. ಎತ್ತುಗೊಳ್ಗೆ ಮೈ ತೊಳ್ದು ಕೊಂಬಿಗೆ ಹೂವು ಸುತ್ತಿ ಕೊರಳ್ಗೆ ಹಾರ ಹಾಕಿ ಊರೋರೆಲ್ಲ ಸೇರಿ ಹೊಲಕ್ಕೆ ಹೋಗೋದು, ಹೂವು ಕಟ್ಟೋರು ಸುತ್ತೋರು ಎಲ್ಲಾ ಗಂಡಸ್ರೇ. ನಮ್ ತಾತ ಎತ್ತಿಗೆ ಹಾರ ಕಟ್ಟಿ ಮಿಕ್ಕಿದ ಹೂವಲ್ಲಿ ನಮ್ಗೆ ತೆಂಗಿನ ಗರಿ ಕಿರೀಟ ಮಾಡ್ಕೊಡೋರು, ನಾವು ಐದಾರು ಹೈಕ್ಳು ಅದನ್ನ ಹಾಕ್ಕಂಡು ಎತ್ತಿನ ಮುಂದೆ ಮುಂದೆ ಓಡೋದು.

ಮದುವೇಲಿ ಗಂಡಿನ ಹಣೆಗೆ ಬಾಸಿಂಗ ಕಟ್ಟಲ್ವಾ? ಮೇಲುಕೋಟೆ ವೈರಮುಡಿ ಯುಗಾದಿ ಆಸುಪಾಸಲ್ಲೇ ಬತ್ತದೆ, ಆ ಕಿರೀಟ ವರ್ಷವೆಲ್ಲಾ ಮಂಡ್ಯ ಖಜಾನೇಲಿ ಇರ್ತದೆ, ಉತ್ಸವದ ದಿನ ಪೊಲೀಸ್ ಕಾವಲಲ್ಲಿ ಮೇಲುಕೋಟೆಗೆ ಹೋಯ್ತದೆ, ದಾರೀಲಿ ಹಳ್ಳಿ ಹಳ್ಳೀಲಿ ಜನ ನಿಂತು ಪೂಜೆ ಮಾಡ್ತಾರೆ. ಚೆಲುವನಾರಾಯಣಸ್ವಾಮಿಗೆ ರಾಜ ಒಡೆಯರು ಕೊಟ್ಟ ರಾಜಮುಡಿ ಬೇರೆ ಅದೆ. ಇಷ್ಟೆಲ್ಲಾ ಕಿರೀಟದ ಸೀಮೇಲಿ ಹುಟ್ಟಿರೋ ಹುಡ್ಗ ಅವ್ನು, ಹೇಳಿ ಅವ್ನಿಗೆ.

ಗರಿ ಕಿರೀಟ ಮಾಡೋದ್ ಹೇಳ್ತೀನಿ, ಗಂಡುಹುಡ್ಗರು ಕೈ ಹಾಕ್ತಾರೆ ನೋಡಿ ಇದಕ್ಕೆ. ಹಸಿರು ಗರೀಲಿ ಉದ್ದದ ಒಂದು ಎಲೆ ಕಿತ್ಕಳಿ. ನಡುವಿನ ಕಡ್ಡಿ ಸುಲಿದು ತೆಗುದ್ರೆ ಎರಡು ಪಟ್ಟಿ ಸಿಗ್ತವೆ. ಎರಡೂ ತುದಿ ಸೇರ್ಸಿ ಒಂದು ಗಂಟು ಹಾಕಿ, ಹಗ್ಗ ಹುರಿ ಮಾಡ್ದಂಗೆ ಒಂದರ ಸುತ್ತ ಒಂದು ತಿರುಚ್ತಾ ಹೋಗಿ. ಒಬ್ಬ ಗಂಟು ಹಿಡ್ಕಬೇಕು ಇನ್ನೊಬ್ಬ ತಿರುಚಬೇಕು, ಇಬ್ರು ಇದ್ರೇ ಆಗೋದು. ತಲೆ ಅಳತೆಗೆ ಬಳೆ ಮಾಡಿ ತುದಿ ಒಳಿಕ್ಕೆ ಸಿಕ್ಸಿ. ತಿರುಚಿರೋ ಸಂದೀಲಿ ಹೂವಿನ ತೊಟ್ಟು ತೂರ್ಸಿದ್ರೆ ಮುಗೀತು, ದಾರಾನೂ ಬೇಡ ಅಂಟೂ ಬೇಡ. ಗರಿ ಅಂಚು ಚೂಪು ಇರ್ತದೆ, ಬೆರಳು ಕೊಯ್ಯುತ್ತೆ, ಎಳೆಯುವಾಗ ಮಾತ್ರ ನೋಡ್ಕಳಿ.

ಇಬ್ಬರು_ಗಂಡುಮಕ್ಕಳ_ಅಪ್ಪ
ಓದಿ ಹೇಳಿದೆ ಅವನಿಗೆ. ಪೊಲೀಸ್ ಕಾವಲಲ್ಲಿ ಕಿರೀಟ ಹೋಗುತ್ತೆ ಅನ್ನೋದು ಕೇಳಿ ಕಣ್ಣರಳಿಸಿದ. ಈಗ ತೆಂಗಿನ ಗರಿ ಎಲ್ಲಿ ಸಿಗುತ್ತೆ ಅಂತ ನನ್ನ ಪ್ರಾಣ ತಿಂತಿದಾನೆ. ತುಂಬಾ ಉಪಕಾರ ಆಯ್ತು.

ನಜರಬಾದ್_ನಿವಾಸಿ
ನಮ್ಮಲ್ಲೂ ಮದುಮಗನಿಗೆ ಹೂವಿನ ಸೆಹರಾ ಕಟ್ತಾರೆ, ಹಣೆಯಿಂದ ಮುಖದ ಮೇಲೆ ಇಳಿಬಿಟ್ಟಿರ್ತಾರೆ. ನನ್ನ ನಿಕಾಹ್‌ಗೆ ನಮ್ಮ ಚಿಕ್ಕಪ್ಪ ಮಾರ್ಕೆಟ್ಟಲ್ಲೇ ಕೂತು ಕಟ್ಟಿಸಿ ತಂದಿದ್ರು, ಗುಲಾಬಿ ಮಲ್ಲಿಗೆ ಎರಡೂ ಸೇರಿಸಿ. ಹೂವು ಹೆಣ್ಣುಮಕ್ಕಳದ್ದು ಅಂತ ನಮ್ಮ ಹಿರಿಯರು ಯಾವತ್ತೂ ಅಂದಿದ್ದು ಕೇಳಿಲ್ಲ.

ಗಿಡಮರದ_ಮೇಷ್ಟ್ರು
ಎಲ್ಲರೂ ಚೆನ್ನಾಗಿ ಹೇಳಿದೀರಿ. ನನಗೆ ಕಾಳಜಿ ಇರೋದು ಮಕ್ಕಳು ತಾವೇ ಕಿತ್ತು ತರೋ ಹೂವಿನ ಬಗ್ಗೆ. ನಾನು ಪಾಠ ಮಾಡೋದು ಇದನ್ನೇ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲನೇದು ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಖಾಲಿ ಸೈಟಲ್ಲೆಲ್ಲ ಬೆಳೆದಿರುತ್ತೆ, ಸಣ್ಣ ಸಣ್ಣ ಬಿಳಿ ಹೂವು, ಬೊಕೆಯಲ್ಲಿ ಇಡೋ ಬಿಳಿ ಹೂವಿನ ಥರಾನೇ ಕಾಣುತ್ತೆ. ಮಕ್ಕಳಿಗೆ ಬಹಳ ಇಷ್ಟ, ಕೈತುಂಬಾ ಕಿತ್ಕೊಂಡು ಬರ್ತಾರೆ. ಮುಟ್ಟಿದ್ರೆ ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆ, ಪರಾಗ ಮೂಗಿಗೆ ಹೋದ್ರೆ ಸೀನು ಉಬ್ಬಸ. ಅದನ್ನ ಕಿರೀಟ ಮಾಡಿ ಹಣೆ ಮೇಲೆ ಇಟ್ಕೊಂಡ್ರೆ ಏನಾಗುತ್ತೆ ಯೋಚಿಸಿ. ಹಿಂದಿನ ದಿನವೇ ಮಕ್ಕಳನ್ನ ಕರ್ಕೊಂಡು ಹೋಗಿ ಗಿಡ ತೋರಿಸಿ, ಇದು ಬೇಡ ಅಂತ ಗುರುತು ಮಾಡಿಸಿ.

ಎರಡನೇದು ಕಣಗಿಲೆ. ಕೆಂಪು ಬಿಳಿ ಹಳದಿ ಎಲ್ಲಾ ಬಣ್ಣದಲ್ಲಿ ಮನೆ ಮುಂದೆ ಇರುತ್ತೆ, ದೇವರಿಗೂ ಹಾಕ್ತೀವಿ, ಅದಕ್ಕೇ ಯಾರಿಗೂ ಭಯ ಇಲ್ಲ. ಆದ್ರೆ ಹೂವು ಎಲೆ ಕಡ್ಡಿ ಬೀಜ ಎಲ್ಲಾ ವಿಷ, ಹೃದಯದ ಬಡಿತವನ್ನೇ ಏರುಪೇರು ಮಾಡುತ್ತೆ. ಮೂರು ವರ್ಷದ ಮಗು ಕೈಗೆ ಸಿಕ್ಕಿದ್ದನ್ನ ಬಾಯಿಗೆ ಹಾಕ್ಕೊಳ್ಳುತ್ತೆ. ದೇವರಿಗೆ ಹಾಕೋದು ಬೇರೆ, ಮಗು ತಲೆ ಮೇಲೆ ಇಡೋದು ಬೇರೆ. ಎಕ್ಕದ ಹೂವೂ ಬೇಡ, ಅದರ ಹಾಲು ಕಣ್ಣಿಗೆ ಬಿದ್ರೆ ದೊಡ್ಡ ತೊಂದರೆ. ದೇವಗಣಗಿಲೆ ಮರದ ಕೆಳಗೆ ಉದುರಿದ ಹೂವು ಒಣಗಿದ್ರೆ ಪರವಾಗಿಲ್ಲ, ಕಿತ್ತ ತಕ್ಷಣ ಹಾಲು ಸುರಿಯುತ್ತೆ, ಸೂಕ್ಷ್ಮ ಚರ್ಮಕ್ಕೆ ಆಗಲ್ಲ. ಯಾವ ಮಗುವಾದ್ರೂ ಇಂಥದ್ದನ್ನ ಬಾಯಿಗೆ ಹಾಕ್ಕೊಂಡ್ರೆ ಮನೆ ಮದ್ದು ಅಂತ ಕೂರಬೇಡಿ, ಆ ಗಿಡದ ತುಂಡನ್ನೂ ಜೊತೇಲಿ ಹಿಡ್ಕೊಂಡು ಸೀದಾ ಆಸ್ಪತ್ರೆಗೆ ಹೋಗಿ.

ಹಾಗಾದ್ರೆ ಏನು ಆರಿಸಿಕೊಳ್ಳಬಹುದು? ಈಗ ಹೊಂಗೆ ಹೂವು ಉದುರೋ ಕಾಲ, ಮರದ ಕೆಳಗೆ ಅಕ್ಕಿ ಚೆಲ್ಲಿದ ಹಾಗೆ ಬಿದ್ದಿರುತ್ತೆ, ಚಿಕ್ಕ ಮಕ್ಕಳ ಟೇಪಿನ ಪಟ್ಟಿಗೆ ಅದಕ್ಕಿಂತ ಒಳ್ಳೇದು ಇಲ್ಲ. ಬೇವಿನ ಹೂವೂ ಬಿಟ್ಟಿರುತ್ತೆ. ಮೈಸೂರಲ್ಲಿ ಈ ತಿಂಗಳು ರಸ್ತೆ ಬದಿ ಜಕರಾಂಡ ನೇರಳೆ ಚೆಲ್ಲಿರುತ್ತೆ. ಕಾಗದದ ಹೂವು, ಅದೇ ಬೋಗನ್‌ವಿಲ್ಲಾ, ಬಹಳ ಒಳ್ಳೇದು. ಬಣ್ಣದ ಭಾಗ ನಿಜಕ್ಕೂ ಎಸಳಲ್ಲ, ಎಲೆಯೇ ಬಣ್ಣ ತಾಳಿರೋದು, ಹಾಗಾಗಿ ಬೇಗ ಬಾಡಲ್ಲ. ಮುಳ್ಳು ಮಾತ್ರ ದೊಡ್ಡವರು ಕತ್ತರಿಸಿ ಕೊಡ್ಬೇಕು. ಪಾರ್ಕಿನ ಗಿಡದಿಂದ ಕೀಳಿಸಬೇಡಿ, ಬಿದ್ದಿದ್ದು ಆರಿಸಿ.

ಇನ್ನೊಂದು. ಮಾರ್ಕೆಟ್ ಹೂವಿಗೆ ಔಷಧಿ ಹೊಡೆದಿರ್ತಾರೆ, ಒಂದು ಸಲ ನೀರಲ್ಲಿ ಅದ್ದಿ ತೆಗೆದು ಜಾಡಿಸಿ ಆರಲು ಬಿಡಿ, ಕೆಲಸ ಮುಗಿದ ಮೇಲೆ ಎಲ್ಲರ ಕೈ ಸೋಪಲ್ಲಿ ತೊಳೆಸಿ. ಜಾಡಿಸಿದ್ರೆ ಒಳಗಿರೋ ಇರುವೇನೂ ಬಿದ್ದುಹೋಗುತ್ತೆ.

ರೇಷ್ಮೆದಾರ
ಎಲ್ಲಾ ಸರಿ, ಆದ್ರೆ ನನಗೆ ಒಂದು ಅನುಮಾನ. ನೀವೆಲ್ಲ ಗ್ಲೂ ಗನ್ ಬೇಡ ತಂತಿ ಬೇಡ ಅಂತೀರಿ, ಮಗು ಕಷ್ಟಪಟ್ಟು ಮಾಡಿದ್ದು ಹತ್ತು ನಿಮಿಷಕ್ಕೆ ಬಿಚ್ಚಿ ಬಿದ್ರೆ ಅದು ಅಳಲ್ವಾ? ನನ್ನ ಮಗಳು ಅತ್ತಿದ್ಳು, ಅವತ್ತು ಹಬ್ಬವೇ ಕೆಟ್ಟುಹೋಯ್ತು. ಹಿಂದುಗಡೆ ನಾವು ಒಂದು ಸ್ವಲ್ಪ ಗಟ್ಟಿ ಮಾಡಿಕೊಟ್ರೆ ತಪ್ಪೇನು?

ಬಾಲವಾಡಿ_ಟೀಚರ್
ತಪ್ಪೇನೂ ಇಲ್ಲ ಅಮ್ಮ, ಗಟ್ಟಿ ಮಾಡಿಕೊಡಿ, ಆದ್ರೆ ಕೇಳಿ ಮಾಡಿ. ನಾನು ಹೀಗೆ ಮಾಡ್ತೀನಿ: ಇಲ್ಲಿ ಸಡಿಲ ಇದೆಯಲ್ಲ, ನೀನು ಹಿಡ್ಕೋತೀಯಾ ನಾನು ಕಟ್ಟಲಾ, ಇಲ್ಲ ನಾನು ಹಿಡ್ಕೊಳ್ಳಲಾ ನೀನು ಕಟ್ತೀಯಾ ಅಂತ ಕೇಳ್ತೀನಿ. ಯಾವುದು ಹೇಳಿದ್ರೂ ಕಿರೀಟ ಅವರದ್ದಾಗೇ ಉಳಿಯುತ್ತೆ. ಇನ್ನು ಮೇಜಿನ ಮೇಲೆ ಬಿಡಿ ಹೂವು ಯಾವಾಗಲೂ ಮಿಕ್ಕಿರಲಿ. ಬಿಚ್ಚಿ ಬಿದ್ದಾಗ ಅಳೋದು ಹೂವು ಖಾಲಿ ಆಗಿದ್ರೆ, ಬುಟ್ಟೀಲಿ ಇನ್ನೂ ಇದ್ರೆ ಮತ್ತೆ ಕೂತ್ಕೋತಾರೆ. ಗ್ಲೂ ಗನ್ ಮಾತ್ರ ದಯವಿಟ್ಟು ಬೇಡ, ಕರಗಿದ ಅಂಟು ಚರ್ಮಕ್ಕೆ ಅಂಟಿದ್ರೆ ಕೀಳೋಕೂ ಬರಲ್ಲ.

ರೇಷ್ಮೆದಾರ
ಹೂವು ಮಿಕ್ಕಿರಬೇಕು ಅನ್ನೋದು ನನಗೆ ಹೊಳೆದೇ ಇರ್ಲಿಲ್ಲ. ಅವತ್ತು ಎಣಿಸಿ ಎಣಿಸಿ ಇಟ್ಟಿದ್ದೆ.

ಅಜ್ಜಿಮನೆ_ಅಗ್ರಹಾರ
ಮಗಳೇ, ಹಿಂದಿನ ದಿನ ಸಂಜೆ ಅಂತ ಬರೆದಿದೀಯ, ಅವತ್ತು ಅಮಾವಾಸ್ಯೆ. ಮಕ್ಕಳಿಗೆ ಹೂವು ಮುಡಿಸಿ ಅಮಾವಾಸ್ಯೆ ಸಂಜೆ ಹೊರಗೆ ಕಳಿಸೋಕೆ ಕೆಲವು ಮನೆ ಹಿರಿಯರು ಒಪ್ಪಲ್ಲ, ಸುಮ್ಮನೆ ಯಾಕೆ ಮನಸ್ತಾಪ. ಹಬ್ಬದ ದಿನವೇ ಇಟ್ಕೋ. ಬೆಳಿಗ್ಗೆ ಎಣ್ಣೆ ಸ್ನಾನ, ಬೇವು ಬೆಲ್ಲ, ಒಬ್ಬಟ್ಟಿನ ಊಟ ಮುಗಿದಮೇಲೆ ಮೂರೂವರೆಗೆ ಕೂತ್ರೆ ಸಂಜೆ ಹೊತ್ತಿಗೆ ಕಿರೀಟ ಸಿದ್ಧ. ಸೂರ್ಯ ಮುಳುಗಿದಮೇಲೆ ಎಲ್ಲಾ ಮಕ್ಕಳೂ ಕಿರೀಟ ಹಾಕ್ಕೊಂಡು ಮಹಡಿ ಮೇಲೆ ನಿಂತು ಚಂದ್ರನ್ನ ಹುಡುಕಲಿ. ಸಿಕ್ಕಿದ ಮೇಲೆ ದೊಡ್ಡವರಿಗೆಲ್ಲ ನಮಸ್ಕಾರ ಮಾಡಲಿ. ನಾವು ಹಾಗೇ ಮಾಡ್ತಿದ್ದದ್ದು.

ಇನ್ನೊಂದು ವಿಷಯ, ದೇವರಿಗೆ ಅಂತ ತಂದ ಹೂವಿನ ಬುಟ್ಟಿ ಬೇರೆ ಇಡು. ಮುಡಿಯೋಕೆ ತಂದದ್ದನ್ನ ಮಕ್ಕಳು ಮೂಸಿ ನೋಡಿರ್ತಾರೆ, ಅದು ದೇವರಿಗೆ ಆಗಲ್ಲ. ಎರಡು ಬುಟ್ಟಿ ಇದ್ರೆ ಮಕ್ಕಳಿಗೆ ಬೈಯೋ ಪ್ರಸಂಗವೇ ಬರಲ್ಲ.

ನಜರಬಾದ್_ನಿವಾಸಿ
ಅಜ್ಜಿ ಹೇಳಿದ್ದು ಓದಿ ಬಹಳ ಖುಷಿ ಆಯ್ತು. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ಅವತ್ತು ಸಂಜೆ ಕಂಡ ಚಂದ್ರನಿಗೇ ಮಾರನೇ ದಿನ ನಮಗೆ ರಂಜಾನ್ ಆಯ್ತು. ನಮ್ಮ ಮಹಡಿ ಮೇಲೆ ನಾವು, ಪಕ್ಕದ ಮಹಡಿ ಮೇಲೆ ಅವರು, ಎಲ್ಲರೂ ಒಂದೇ ಕಡೆ ಮುಖ ಮಾಡಿ ನಿಂತಿದ್ವಿ, ಅವರ ಮನೆ ಹುಡುಗೀನೇ ಮೊದಲು ನೋಡಿ ಕೂಗಿದ್ದು. ಸೂರ್ಯ ಮುಳುಗಿದ ಜಾಗದಿಂದ ಸ್ವಲ್ಪ ಮೇಲೆ ನೋಡೋಕೆ ಹೇಳಿ ಮಕ್ಕಳಿಗೆ, ಎಳೆ ಬಹಳ ಸಣ್ಣದಿರುತ್ತೆ, ಬೇಗ ಮುಳುಗಿಬಿಡುತ್ತೆ.

ಕುವೆಂಪುನಗರದ_ಅಮ್ಮ
ಎಲ್ಲರಿಗೂ ಮತ್ತೆ ನಮಸ್ಕಾರ, ಹೇಗಾಯ್ತು ಅಂತ ಬರೀಲೇಬೇಕು ಅನ್ಸ್ತು. ಅಜ್ಜಿ ಹೇಳಿದ ಹಾಗೆ ಹಬ್ಬದ ದಿನ ಮಧ್ಯಾಹ್ನಕ್ಕೇ ಬದಲಾಯಿಸಿದ್ವಿ. ಮಂಗಳವಾರ ಬೆಳಿಗ್ಗೆ ಆರೂವರೆಗೆ ನಾನು ಪಕ್ಕದ ಮನೆಯವರು ಮಾರ್ಕೆಟ್ಟಿಗೆ ಹೋಗಿ ಚೆಂಡು ಹೂವು, ಸೇವಂತಿಗೆ, ಮರುಗ, ನಾರು ಎಲ್ಲಾ ತಂದ್ವಿ. ಹಜಾರದಲ್ಲಿ ಬಾಳೆ ಎಲೆ ಹಾಸಿ ಹರಡಿದ್ವಿ, ಎರಡು ದಿನ ಮನೆಯೆಲ್ಲ ಮರುಗದ ವಾಸನೆ.

22 ಅಂದುಕೊಂಡಿದ್ದು 26 ಮಕ್ಕಳು ಬಂದ್ರು. ಮೂರು ಜಮಖಾನ ಹಾಸಿ ವಯಸ್ಸಿನ ಪ್ರಕಾರ ಕೂರಿಸಿದ್ವಿ. ಗರಿ ಕಿರೀಟದ ಜಾಗದಲ್ಲಿ ಹುಡುಗರದ್ದೇ ಗಲಾಟೆ, ಒಬ್ಬ ಗಂಟು ಹಿಡ್ಕೊಂಡು ಇನ್ನೊಬ್ಬ ತಿರುಚ್ತಾ ತಿರುಚ್ತಾ ಹಿಂದಕ್ಕೆ ಹೋಗಿ ಗೋಡೆಗೆ ತಾಗೋದು. ಬರಲ್ಲ ಅಂದಿದ್ದ ಆ 9 ವರ್ಷದ ಹುಡುಗ ನಾಲ್ಕು ಕಿರೀಟ ಮಾಡಿದ, ಒಂದು ತನಗೆ, ಒಂದು ತಮ್ಮನಿಗೆ, ಮಿಕ್ಕ ಎರಡು ಚಿಕ್ಕ ಮಕ್ಕಳಿಗೆ.

ನನ್ನ ಮಗಳು ನಾರಲ್ಲೇ ಕಟ್ತೀನಿ ಅಂತ ಹಠ ಹಿಡಿದು ಕೂತ್ಳು. ಅವಳಿಗೆ 7, ಕಷ್ಟ ಆಗುತ್ತೆ ಅಂತ ಗೊತ್ತಿತ್ತು. ಕುಣಿಕೆ ಹಾಕೋದು, ಎಳೆಯೋದು, ಬಿಚ್ಚಿಕೊಳ್ಳೋದು, ಮತ್ತೆ ಹಾಕೋದು. ನನ್ನ ಕೈ ಎರಡು ಮೂರು ಸಲ ಅವಳ ಕೈ ಹತ್ರ ಹೋಯ್ತು, ವಾಪಸ್ ತಗೊಂಡು ಮಡಿಲಲ್ಲಿ ಇಟ್ಕೊಂಡೆ. ನಾರಿನ ನೀರೆಲ್ಲ ಲಂಗದ ಮೇಲೆ. ಮುಕ್ಕಾಲು ಗಂಟೆ ಆದಮೇಲೆ ಒಂದು ಗೇಣುದ್ದ ಸರ ಆಯ್ತು, ತಲೆ ಸುತ್ತ ಬರಲ್ಲ, ಹಣೆ ಮೇಲಷ್ಟೇ. ಎರಡೂ ಕಡೆ ನಾರು ಉದ್ದ ಬಿಟ್ಟು ಹಿಂದೆ ಕಟ್ಟಿದ್ವಿ. ಹೂವು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬರೀ ನಾರೇ ಕಾಣ್ತಿತ್ತು. ಅತ್ತೆ ಬಂದು ಇದನ್ನ ಯಾರು ಕಟ್ಟಿದ್ದು ಅಂತ ಕೇಳಿದ್ರು, ಅವಳು ಏನೂ ಹೇಳದೆ ಎರಡೂ ಕೈ ಬೆರಳು ಚಾಚಿ ತೋರಿಸಿದ್ಳು, ಹಳದಿ ಹಸಿರು ಕಲೆಯಾಗಿತ್ತು.

ಸಂಜೆ ಮಹಡಿ ಮೇಲೆ ಹೋದ್ವಿ, ಎಲ್ಲಾ ಹುಡುಕಿದ್ವಿ, ಚಂದ್ರ ಕಾಣ್ಲಿಲ್ಲ. ಮಕ್ಕಳಿಗೆ ಬೇಜಾರಾಯ್ತು, ನಾಳೆ ನೋಡೋಣ ಅಂತ ಸಮಾಧಾನ ಮಾಡಿ ಕಳಿಸಿದ್ವಿ.

ಮಂಡ್ಯ_ಕಡೆಯವ
ಅಕ್ಕ ನಮ್ಮೂರಲ್ಲೂ ಕಾಣ್ಲಿಲ್ಲ, ವರ್ಷತೊಡಕಿನ ದಿನ ಕಾಣ್ತು. ಹೊನ್ನಾರು ಚೆನ್ನಾಗ್ ಆಯ್ತು. ನನ್ನ ತಂಗಿ ಮಗಂಗೂ ಗರಿ ಕಿರೀಟ ಕಲಿಸ್ದೆ.

ಇಬ್ಬರು_ಗಂಡುಮಕ್ಕಳ_ಅಪ್ಪ
ನಮ್ಮ ಮನೆ ಫ್ರಿಜ್ಜಲ್ಲಿ ಈಗಲೂ ಒಂದು ಕಿರೀಟ ಇದೆ, ತೆಗೆಯೋ ಹಾಗಿಲ್ಲ ಅಂತ ಆರ್ಡರ್. ಮೇಲುಕೋಟೆಗೆ ಕರ್ಕೊಂಡು ಹೋಗೋದು ಅಂತ ತೀರ್ಮಾನ ಆಗಿದೆ.

ಕುವೆಂಪುನಗರದ_ಅಮ್ಮ
ಮಂಡ್ಯದವರೇ, ನಮಗೂ ಮಾರನೇ ದಿನವೇ ಕಂಡಿದ್ದು. ಯಾರನ್ನೂ ಕರೆದಿರ್ಲಿಲ್ಲ, ಆರೂವರೆ ಹೊತ್ತಿಗೆ ಒಬ್ಬೊಬ್ಬರಾಗಿ ಹನ್ನೆರಡು ಮಕ್ಕಳು ಮಹಡಿ ಹತ್ತಿ ಬಂದ್ರು, ಎಲ್ಲರ ತಲೆ ಮೇಲೂ ನಿನ್ನೆಯ ಕಿರೀಟ. ಸೇವಂತಿಗೆ ಜೋತು ಬಿದ್ದಿತ್ತು, ಗರಿ ಬಿಳಿಚಿಕೊಂಡಿತ್ತು, ಚೆಂಡು ಹೂವು ಮಾತ್ರ ಹಾಗೇ ಇತ್ತು. ಟೇಪಿನ ಪಟ್ಟಿಗೆ ಒಂದೇ ಹೂವು ಅಂಟಿಸಿದ್ದ ಆ 3 ವರ್ಷದವನು ಅಪ್ಪನ ಹೆಗಲ ಮೇಲೆ ಕೂತಿದ್ದ, ಅವನ ಹೂವು ಎಲ್ಲೋ ಬಿದ್ದುಹೋಗಿ ಬರೀ ರಟ್ಟು ಉಳಿದಿತ್ತು. ಚಂದ್ರನ್ನ ಮೊದಲು ನೋಡಿ ಕೈ ತೋರಿಸಿದ್ದು ಅವನೇ.